ಹನ್ನೆರಡನೆಯ ಪೆನ್ನು

ಪೆಟ್ಟಿಗೆ ಯಾವ ದೇಶದಿಂದ ಹೊರಟಿತ್ತೋ ಕಾಣೆ,
ನನ್ನ ಮೇಜಿಗೆ ಬಂದದ್ದು ಉಲಾನ್‌ಬಾತರಿನ ಬಸ್ಸಿನಲ್ಲಿ,
ಯಾರದೋ ಕುರಿಮಾಂಸದ ಮೂಟೆಯ ಅಡಿಯಲ್ಲಿ.
ಒಳಗೆ ಹನ್ನೆರಡು ಪೆನ್ನು,
ಬರೆಯುವುದಕ್ಕಲ್ಲ, ಮೂಸುವುದಕ್ಕೆ.
ಮುಚ್ಚಳ ತೆಗೆ, ಮೂಗಿಗೆ ಎರಡು ಬೆರಳು ದೂರ ಹಿಡಿ,
ಮೂರೆಣಿಸು, ಕೇಳು:
ಇದು ಅನಾನಸೋ, ಜ್ಯೇಷ್ಠಮಧುವೋ, ಟರ್ಪೆಂಟೈನೋ, ಲವಂಗವೋ?

ಗೊಂಬೊಸುರೆನ್, ವಯಸ್ಸು ಎಪ್ಪತ್ತೊಂದು, ಕುದುರೆ ಸಾಕುವವರು,
ಹೊಸ ಬೀಗರ ಹೆಸರು ಕೇಳಿಸಿಕೊಳ್ಳುವ ಹಾಗೆ
ನಾಲ್ಕನ್ನೂ ತಲೆಬಾಗಿ ಕೇಳಿಸಿಕೊಂಡರು.
"ಅನಾನಸು ಯಾವ ಪ್ರಾಣಿ?" ಅಂದರು.
ಹನ್ನೆರಡಕ್ಕೆ ಎರಡು.
ಅವರ ಹೆಂಡತಿ ದುಲ್ಮಾ,
ಮೋಡ ಕಾಣುವ ಮೊದಲೇ ಹಿಮವನ್ನು ಮೂಸಿ ಹೇಳುವಾಕೆ,
ಹನ್ನೆರಡಕ್ಕೆ ಮೂರು.
ಕಾಗದದ ಲೆಕ್ಕದಲ್ಲಿ ಇಬ್ಬರಿಗೂ ಮೂಗಿಲ್ಲ.
ತಿಂಗಳು ಕಳೆಯುವುದರೊಳಗೆ
ಇಡೀ ಜಿಲ್ಲೆಗೇ ಮೂಗಿಲ್ಲ.

ಡಾಕ್ಟರ್ ಸರಂತುಯಾ ಕಾಗದ ಹರಿದರು.
ಹೊಸ ಪೆನ್ನುಗಳನ್ನು ನಾವೇ ತುಂಬಿಸಿದೆವು:
ಬೆಟ್ಟದ ಜುನಿಪರ್ ಧೂಪ, ಹುಳಿ ಬಂದ ಕುದುರೆ ಹಾಲು,
ಬಿಸಿಲಿಗೆ ಕಲ್ಲಾದ ಮೊಸರುಗಟ್ಟಿ, ಕುರಿಯ ಕೊಬ್ಬು,
ನೆನೆದ ಉಣ್ಣೆ,
ಗೊರಸು ತುಳಿದ ಮಾಚಿಪತ್ರೆ.
ಎಂಟನೆಯದು ಒಲೆಯ ಹೊಗೆ. ಅಲ್ಲೇ ಜಗಳ ಹತ್ತಿತು.
ಸಗಣಿ ಎಂದು ನಾನು ಬರೆದಿಟ್ಟಿದ್ದೆ.
ದುಲ್ಮಾ ಮೂಸಿ, ನನ್ನ ನಾಲ್ಕು ಉತ್ತರಗಳನ್ನೂ ಪಕ್ಕಕ್ಕೆ ತಳ್ಳಿ,
"ಸಗಣಿಯಲ್ಲ ಮಗಳೇ, ಲದ್ದಿ. ಚಳಿಗಾಲದ್ದು.
ನಡುವೆ ಹಿಡಿಯಷ್ಟು ಕುರಿ ಹಿಕ್ಕೆ.
ಯಾವ ಸೋಮಾರಿಯ ಒಲೆಯಿಂದ ತಂದೆ?"
ನಮ್ಮಣ್ಣನ ಒಲೆ. ಉತ್ತರಪತ್ರಿಕೆ ತಿದ್ದಿಕೊಂಡೆ.

ಕುದುರೆಯ ಬೆವರು ಮಾತ್ರ ಪೆನ್ನಿಗೆ ಒಗ್ಗಲಿಲ್ಲ.
ಮೂರು ಸಲ ತುಂಬಿದರೂ ನಾಲ್ಕನೆಯ ದಿನಕ್ಕೆ ಹಳಸಿ
ಬರೀ ಉಪ್ಪು.
ಹನ್ನೆರಡನೆಯದನ್ನು ಖಾಲಿ ಬಿಟ್ಟೆವು.

ದುಲ್ಮಾ ಹನ್ನೊಂದನ್ನೂ ಹೇಳಿದರು, ಕೇಳದ್ದನ್ನೂ ಹೇಳಿದರು.
ಆಮೇಲೆ ಗೊಂಬೊಸುರೆನ್ ಕುಳಿತರು, ಟೋಪಿ ತೊಡೆಯ ಮೇಲೆ.
ಧೂಪ. ಏನೂ ಇಲ್ಲ, ಅಂದರು.
ಹಾಲು. ಏನೂ ಇಲ್ಲ.
ಮೊಸರುಗಟ್ಟಿಗೆ ತುಸು ಹೊತ್ತು ಕಣ್ಣು ಮುಚ್ಚಿದರು.
ಏನೂ ಇಲ್ಲ.
ಊಹಿಸಿ ಹೇಳಿ, ನಿಯಮ ಹಾಗಿದೆ, ಎಂದೆ.
"ಗೊತ್ತಿಲ್ಲದ್ದನ್ನು ಊಹಿಸಬಹುದು ತಾಯೀ,
ಗೊತ್ತಿದ್ದದ್ದನ್ನು ಹೇಗೆ ಊಹಿಸಲಿ?"
ಅನಾನಸಿನ ಮುಂದೆ ಸೋತಾಗ ನಕ್ಕಿದ್ದವರು
ಮನೆಯ ಹೊಗೆಯ ಮುಂದೆ ನಗಲಿಲ್ಲ.
ಪರದೇಶದ ಪೆನ್ನು ಅವರಿಗೊಂದು ನೆಪ ಕೊಟ್ಟಿತ್ತು.
ಅದನ್ನು ಕಿತ್ತುಕೊಂಡವಳು ನಾನು.

ಹನ್ನೆರಡನೆಯದಕ್ಕೂ ಏನೂ ಇಲ್ಲ ಅಂದರು.
ಅದೊಂದೇ ಸರಿಯುತ್ತರ. ಅಂಕ ಕೊಟ್ಟೆ.

ನಮ್ಮಲ್ಲಿ ಮಕ್ಕಳಿಗೆ ಹಿರಿಯರು ತುಟಿಯಿಂದ ಮುತ್ತಿಡುವುದಿಲ್ಲ,
ನೆತ್ತಿ ಮೂಸುತ್ತಾರೆ, ಎಡಗೆನ್ನೆ, ಬಲಗೆನ್ನೆ.
"ಆ ಜ್ವರ ಬಂದುಹೋದ ಮೇಲೆ ಎರಡು ವರ್ಷ,
ಮೊಮ್ಮಗಳನ್ನು ಮೂಸುತ್ತಲೇ ಇದ್ದೇನೆ,
ಅವಳಿಗೆ ತಿಳಿಯದ ಹಾಗೆ. ಇವಳಿಗೂ."
ದುಲ್ಮಾ ತಲೆವಸ್ತ್ರದ ಗಂಟು ಬಿಚ್ಚಿ ಮತ್ತೆ ಕಟ್ಟಿದರು.
"ಹೋದ ಮಾಘದಲ್ಲಿ ಹಾಲು ತಳಹತ್ತಿ ಸೀದಾಗ
ಪಕ್ಕದಲ್ಲೇ ಕೂತು ತಡಿ ಹೊಲಿಯುತ್ತಿದ್ದಿರಿ," ಅಂದರು,
ಅಷ್ಟೇ.

ಹೊರಡುವಾಗ ಅವರು ನಡುಪಟ್ಟಿಯಿಂದ ನಸ್ಯದ ಬುಡ್ಡಿ ತೆಗೆದು
ಮುಚ್ಚಳ ಸಡಿಲಿಸಿ, ಬಲ ಅಂಗೈಯಲ್ಲಿಟ್ಟು ಚಾಚಿದರು.
ಪದ್ಧತಿಯಂತೆ ಮೂಸಿ, ಪದ್ಧತಿಯಂತೆ ಮರಳಿಸಬೇಕು.
"ಹೇಗಿದೆ?" ಎಂದರು. ಅದು ಪದ್ಧತಿಯಲ್ಲ.
ತಂಬಾಕು ಸ್ವಲ್ಪ ಒಣಗಿದೆ, ಎಂದೆ.
ಬುಡ್ಡಿಗೆ ಅವರ ಕೈಯ ವಾಸನೆ ಹತ್ತಿತ್ತು,
ಲಗಾಮಿನ ತೊಗಲು, ಅದರಡಿ
ಪೆನ್ನಿನಲ್ಲಿ ನಿಲ್ಲದ ಆ ಬೆವರು.
ಅದನ್ನು ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ.
ಬಾಗಿಲಾಚೆ ಮುಂದಿನವರು ಕೆಮ್ಮಿದರು.